ಗಡಿಕಲ್ಲು ಸರಿಸಿದವನಿಗೆ ಕ್ಷಮೆ ಹೇಗೆ ಸಿಗುತ್ತದೆ?

"ನಿಮ್ಮಲ್ಲಿ ಸುಲಭ ಬಿಡಿ. ಏನು ಮಾಡಿದರೂ ಫಾದರ್ ಹತ್ತಿರ ಹೋಗಿ ಹೇಳಿಬಿಟ್ಟರೆ ಮುಗೀತು, ಅಲ್ವಾ?"

ಶಿವಮೊಗ್ಗದ ಕಡೆ ಬೆಳೆದ ಕ್ರೈಸ್ತರಲ್ಲಿ ಈ ಮಾತು ಕೇಳದವರು ಕಡಿಮೆ. ಕೇಳುವವರ ಮನಸ್ಸಿನಲ್ಲಿ ಕುಹಕ ಇರುವುದಿಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳುತ್ತಾರೆ. 'ಮಾಡಿದ್ದುಣ್ಣೋ ಮಾರಾಯ' ಅನ್ನುವ ಮಾತು ಕೇಳುತ್ತಾ ದೊಡ್ಡವರಾದ ನಮ್ಮ ಜನರಿಗೆ, ಮಾಡಿದ್ದನ್ನು ಉಣ್ಣದೆ ಪಾರಾಗುವ ದಾರಿ ಇದೆ ಅಂದರೆ ಅದು ಅನ್ಯಾಯದ ಹಾಗೆ ಕಾಣುವುದು ಸಹಜ. ಇನ್ನು ಕೆಲವರು ಇದೇ ಪ್ರಶ್ನೆಯನ್ನು ಬೇರೆ ಥರ ಕೇಳುತ್ತಾರೆ. "ಯೇಸುವನ್ನು ನಂಬಿದರೆ ರಕ್ಷಣೆ ಅಂತೀರಲ್ಲ, ಬರೀ ನಂಬಿದರೆ ಸಾಕಾ? ಒಳ್ಳೆಯವನಾಗಿ ಬದುಕುವುದು ಬೇಡವಾ?"

ಎರಡೂ ಒಳ್ಳೆಯ ಪ್ರಶ್ನೆಗಳು. ಹೊರಗಿನವರಿಗೆ ಮಾತ್ರ ಬರುವ ಅನುಮಾನವೂ ಇದಲ್ಲ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಎಷ್ಟೋ ಜನರ ಮನಸ್ಸಿನಲ್ಲೂ ಪಶ್ಚಾತ್ತಾಪ ಅಂದರೆ ದೇವರಿಗೆ ಕಟ್ಟುವ ದಂಡ, ವಿಶ್ವಾಸ ಅಂದರೆ ತಲೆಯಾಡಿಸುವುದು ಅಂತಲೇ ಇದೆ. ಎರಡೂ ತಪ್ಪು ತಿಳಿವಳಿಕೆ ಅಂತ ನಾನು ನಂಬುತ್ತೇನೆ. ಬೈಬಲ್ ಹೇಳುವುದು ಬೇರೆ.

ಮೊದಲು ರಕ್ಷಣೆ ಅಂದರೆ ಏನು ಅಂತ ನೋಡೋಣ. ಸತ್ತ ಮೇಲೆ ಸ್ವರ್ಗ ಸೇರುವುದಷ್ಟೇ ಅದರ ಅರ್ಥವಲ್ಲ. ದೇವರಿಂದ ದೂರವಾದ ಮನುಷ್ಯ ಮತ್ತೆ ದೇವರ ಜೊತೆ ಒಂದಾಗುವುದು, ಆ ಒಂದಾಗುವಿಕೆಯಲ್ಲೇ ಈಗಿನಿಂದ ಬದುಕತೊಡಗುವುದು ರಕ್ಷಣೆ. ಪಾಪವೂ ಹಾಗೆಯೇ. ಸುಳ್ಳು, ಕಳ್ಳತನ, ವ್ಯಭಿಚಾರ ಅಂತ ಪಟ್ಟಿ ಮಾಡಬಹುದು. ಆದರೆ ಬೇರು ಇರುವುದು ದೇವರಿಗೆ ಬೆನ್ನು ಹಾಕಿ ನನ್ನದೇ ನಡೆಯಲಿ ಅಂತ ನಿಂತ ಮನಸ್ಸಿನಲ್ಲಿ. ಹಾಗಾದರೆ ಮಾಡಿದ್ದನ್ನು ಉಣ್ಣುವವರು ಯಾರು? ಕ್ರೈಸ್ತ ಧರ್ಮ ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳುವುದಿಲ್ಲ. ಪಾಪಕ್ಕೆ ಬೆಲೆ ಇಲ್ಲ ಅಂತಲೂ ಹೇಳುವುದಿಲ್ಲ. ಆ ಭಾರವನ್ನು ಯೇಸು ಶಿಲುಬೆಯ ಮೇಲೆ ತಾವೇ ಹೊತ್ತರು ಅನ್ನುತ್ತದೆ. ಉಳಿದ ಎಲ್ಲಾ ಮಾತು ನಿಂತಿರುವುದು ಇದರ ಮೇಲೆ. ಇದನ್ನು ಬಿಟ್ಟು ಪಶ್ಚಾತ್ತಾಪದ ಬಗ್ಗೆ ಮಾತಾಡಿದರೆ ಅದು ಬರೀ ನೀತಿಪಾಠ ಆಗುತ್ತದೆ.

ಯೇಸು ಗಲಿಲಾಯದಲ್ಲಿ ಬೋಧನೆ ಶುರು ಮಾಡಿದಾಗ ಜನರಿಗೆ ಹೇಳಿದ್ದನ್ನು, ಯೇಸುವಿನ ಕತೆ ಬರೆದವರಲ್ಲಿ ಒಬ್ಬನಾದ ಮಾರ್ಕನು ತನ್ನ ಮೊದಲ ಅಧ್ಯಾಯದಲ್ಲೇ ಬರೆದಿದ್ದಾನೆ. ದೇವರ ರಾಜ್ಯ ಹತ್ತಿರ ಬಂದಿದೆ, ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬಿ. ಒಂದೇ ಉಸಿರಿನಲ್ಲಿ ಎರಡು ಕರೆ. ಮುಂದೆ, ಊರೂರಿಗೆ ಹೋಗಿ ಯೇಸುವಿನ ಸಂದೇಶ ಸಾರಿದ ಪೌಲನೂ ಎಫೆಸದ ಹಿರಿಯರನ್ನು ಬೀಳ್ಕೊಡುವಾಗ, ನಾನು ಇಷ್ಟು ದಿನ ಎಲ್ಲರಿಗೂ ಹೇಳಿದ್ದು ಇವೆರಡನ್ನೇ ಅನ್ನುತ್ತಾನೆ. ದೇವರ ಕಡೆಗೆ ಪಶ್ಚಾತ್ತಾಪ, ಯೇಸುವಿನಲ್ಲಿ ವಿಶ್ವಾಸ.

ಪಶ್ಚಾತ್ತಾಪದಿಂದ ಶುರು ಮಾಡೋಣ. ಇಲ್ಲೇ ಜಾಸ್ತಿ ಗೊಂದಲ ಇರುವುದು.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟ ಅಂತ ಇಟ್ಟುಕೊಳ್ಳಿ. ಒಬ್ಬರು ಮಳೆಗಾಲದಲ್ಲಿ ಬೇಲಿ ಕಟ್ಟುವ ನೆಪದಲ್ಲಿ ಗಡಿಕಲ್ಲನ್ನು ಪಕ್ಕದ ತೋಟದೊಳಗೆ ಸರಿಸಿದ್ದಾರೆ. ಹತ್ತಿಪ್ಪತ್ತು ಮರ ಇವರ ಪಾಲಿಗೆ ಬಂದಿವೆ. ಬೆಟ್ಟದ ಸೀಮೆಯವರಿಗೆ ಇದು ಹೊಸ ಕತೆ ಅಲ್ಲ. ಇದು ಹಳೆಯ ಪಾಪವೂ ಹೌದು, ಪಕ್ಕದವನ ಗಡಿಕಲ್ಲು ಸರಿಸುವವನಿಗೆ ಶಾಪ ಅಂತ ಧರ್ಮೋಪದೇಶಕಾಂಡದ 27ನೇ ಅಧ್ಯಾಯದಲ್ಲೇ ಬರೆದಿದೆ. ಈಗ ಇವರಿಗೆ ಮನಸ್ಸು ಚುಚ್ಚುತ್ತಿದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಉಪವಾಸ ಮಾಡುತ್ತಾರೆ, ಮೀನು ಮಾಂಸ ಬಿಡುತ್ತಾರೆ, ಶಿಲುಬೆ ಹಾದಿಯಲ್ಲಿ ಮೊಣಕಾಲೂರಿ ಅಳುತ್ತಾರೆ. ಚರ್ಚಿಗೆ ದೊಡ್ಡ ಕಾಣಿಕೆಯನ್ನೂ ಕೊಡುತ್ತಾರೆ. ಕಲ್ಲು ಮಾತ್ರ ಸರಿಸಿದ ಜಾಗದಲ್ಲೇ ಇದೆ.

ಇದು ಪಶ್ಚಾತ್ತಾಪವೇ? ಅಲ್ಲ. ದುಃಖ ನಿಜ ಇರಬಹುದು, ಕಣ್ಣೀರೂ ನಿಜ ಇರಬಹುದು. ಆದರೆ ಮನಸ್ಸು ತಿರುಗಿಲ್ಲ. ಆ ಮರಗಳ ಕೊನೆಗಾರಿಕೆ ಈ ವರ್ಷವೂ ಇವರದ್ದೇ.

ಅದೇ ಕತೆಯನ್ನು ಬೇರೆ ರೀತಿ ನೋಡಿ. ಸರ್ವೆಯವರು ಬರುತ್ತಾರೆ ಅಂತ ಸುದ್ದಿ ಬಂತು, ರಾತ್ರೋರಾತ್ರಿ ಕಲ್ಲು ಹಳೇ ಜಾಗಕ್ಕೆ ಹೋಯಿತು. ಇದೂ ಪಶ್ಚಾತ್ತಾಪ ಅಲ್ಲ. ಇಲ್ಲಿ ಕಲ್ಲು ತಿರುಗಿದೆ, ಮನುಷ್ಯ ತಿರುಗಿಲ್ಲ.

ಸ್ನಾನಿಕ ಯೋಹಾನ ಯೋರ್ದನ್ ಹೊಳೆಯ ಹತ್ತಿರ ಜನರನ್ನು ಪಶ್ಚಾತ್ತಾಪಕ್ಕೆ ಕರೆದಾಗ, ಅವರು ಬಂದು ನಾವು ಏನು ಮಾಡಬೇಕು ಅಂತ ಕೇಳಿದರು. ಲೂಕನ ಮೂರನೇ ಅಧ್ಯಾಯದಲ್ಲಿರುವ ಅವನ ಉತ್ತರಗಳು ನನಗೆ ತುಂಬಾ ಇಷ್ಟ. ಒಂದರಲ್ಲೂ ಮಂತ್ರತಂತ್ರ ಇಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕ ವಸೂಲಿ ಮಾಡುವವರು ನಿಗದಿಗಿಂತ ಹೆಚ್ಚು ಕೀಳಬಾರದು. ಸಿಪಾಯಿಗಳು ಹೆದರಿಸಿ ದುಡ್ಡು ಕಿತ್ತುಕೊಳ್ಳಬಾರದು, ಸುಳ್ಳು ದೂರು ಹಾಕಬಾರದು, ಬರುವ ಸಂಬಳದಲ್ಲಿ ತೃಪ್ತಿಯಿಂದ ಇರಬೇಕು. ಪ್ರತಿಯೊಬ್ಬರಿಗೂ ಅವರವರ ಕೆಲಸದ ಜಾಗದಲ್ಲೇ ಪಶ್ಚಾತ್ತಾಪವನ್ನು ತೋರಿಸಿಕೊಟ್ಟ. ಸರ್ಕಾರಿ ಕಚೇರಿಯಲ್ಲಿ ಕೂತವರಿಗೂ, ಮಂಡಿಯಲ್ಲಿ ತೂಕ ಹಾಕುವವರಿಗೂ ಅವನು ಇವತ್ತು ಏನು ಹೇಳುತ್ತಿದ್ದ ಅಂತ ಊಹಿಸುವುದು ಕಷ್ಟವಲ್ಲ.

ಬರೀ ದುಃಖಕ್ಕೂ ಪಶ್ಚಾತ್ತಾಪಕ್ಕೂ ಇರುವ ಅಂತರವನ್ನು ಇಬ್ಬರು ಶಿಷ್ಯರಲ್ಲಿ ನೋಡಬಹುದು. ಯೂದ 30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ. ಪೇತ್ರ ಅದೇ ರಾತ್ರಿ ಮೂರು ಸಲ, ಆತ ಯಾರೋ ನನಗೆ ಗೊತ್ತೇ ಇಲ್ಲ ಅಂದ. ಇಬ್ಬರಿಗೂ ಆಮೇಲೆ ಸಂಕಟವಾಯಿತು. ಯೂದ ತಪ್ಪು ಒಪ್ಪಿಕೊಂಡ, ದುಡ್ಡನ್ನು ವಾಪಸ್ ಎಸೆದು ಬಂದ. ಲೆಕ್ಕ ಹಾಕಿದರೆ ಪೇತ್ರನಿಗಿಂತ ಅವನೇ ಹೆಚ್ಚು ಮಾಡಿದ. ಆದರೆ ಅವನ ದುಃಖ ಅವನನ್ನು ಯೇಸುವಿನ ಕಡೆಗೆ ತಿರುಗಿಸಲಿಲ್ಲ. ತನ್ನ ತಪ್ಪು ಕ್ಷಮೆಗಿಂತ ದೊಡ್ಡದು ಅಂದುಕೊಂಡವನ ಹಾಗೆ ಒಬ್ಬನೇ ಹೊರಟುಹೋದ, ಜೀವ ಕಳೆದುಕೊಂಡ. ಪೇತ್ರ ಬಿಕ್ಕಿ ಬಿಕ್ಕಿ ಅತ್ತ. ಆದರೂ ಉಳಿದ ಶಿಷ್ಯರ ಜೊತೆಗೇ ಇದ್ದ. ಪುನರುತ್ಥಾನದ ನಂತರ ಯೇಸು ದಡದ ಮೇಲೆ ಕಂಡಾಗ ದೋಣಿಯಿಂದ ನೀರಿಗೆ ಹಾರಿ ಅವರ ಹತ್ತಿರ ಬಂದ. ಲೋಕದ ದುಃಖ ಸಾವಿಗೆ ಒಯ್ಯುತ್ತದೆ, ದೇವರು ಮೆಚ್ಚುವ ದುಃಖ ರಕ್ಷಣೆಗೆ ಒಯ್ಯುತ್ತದೆ ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಇದನ್ನೇ. ಪೇತ್ರನ ಪಶ್ಚಾತ್ತಾಪದೊಳಗೆ ವಿಶ್ವಾಸ ಇತ್ತು. ಯೂದನ ಸಂಕಟದಲ್ಲಿ ಅದು ಕಾಣುವುದಿಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ರೂಢಿಯನ್ನು ನೆನಪಿಸಿಕೊಳ್ಳಬೇಕು. ಹರಕೆ ತಪ್ಪಿದಾಗ, ದೇವರ ಹೆಸರಲ್ಲಿ ಆಡಿದ ಮಾತು ಮುರಿದಾಗ ನಮ್ಮ ಜನ ತಪ್ಪುಕಾಣಿಕೆ ಹಾಕುತ್ತಾರೆ. ದೇವರ ಭಯದಿಂದ ಹುಟ್ಟಿದ ಈ ರೂಢಿಯ ಬಗ್ಗೆ ನನಗೆ ಗೌರವ ಇದೆ. ಮಲೆನಾಡಿನ ಕ್ರೈಸ್ತರ ಮನಸ್ಸಿನಲ್ಲೂ ಇದು ಆಳವಾಗಿದೆ. ಆದರೆ ಪಶ್ಚಾತ್ತಾಪವನ್ನು ತಪ್ಪುಕಾಣಿಕೆ ಅಂತ ತಿಳಿದರೆ ಶುಭಸಂದೇಶವೇ ತಲೆಕೆಳಗಾಗುತ್ತದೆ. ನಮ್ಮ ಉಪವಾಸ, ಅಳು, ದಾನ ಇವುಗಳಲ್ಲಿ ಯಾವುದೂ ಕ್ಷಮೆಯ ಬೆಲೆ ಅಲ್ಲ. ಆ ಬೆಲೆ ಶಿಲುಬೆಯಲ್ಲೇ ಸಂದಾಯವಾಗಿದೆ ಅನ್ನುವುದೇ ಕ್ರೈಸ್ತ ನಂಬಿಕೆ.

ಹಾಗಾದರೆ ಗಡಿಕಲ್ಲು ವಾಪಸ್ ಇಡುವುದು ಯಾಕೆ? ಜಕ್ಕಾಯನ ಕತೆ ಇದಕ್ಕೆ ಉತ್ತರ. ಅವನು ಜೆರಿಕೊ ಊರಿನ ಸುಂಕದವರ ಮುಖ್ಯಸ್ಥ, ಶ್ರೀಮಂತ, ಊರಿಗೆಲ್ಲಾ ಬೇಡದವನು. ಕುಳ್ಳಗಿದ್ದದ್ದರಿಂದ ಯೇಸುವನ್ನು ನೋಡಲು ಮರ ಹತ್ತಿದ. ಯೇಸು ಮರದ ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಉಳಿಯಬೇಕು ಅಂದರು. ಮೊದಲು ದುಡ್ಡು ವಾಪಸ್ ಕೊಡು, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಅವರ ಆ ಮಾತಿನ ನಂತರ ಜಕ್ಕಾಯ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತಗೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್ ಅಂದ. ತಾನೇ ಬಂದು ತಪ್ಪು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಅಂತ ಮೋಶೆಯ ಕಾನೂನಿನಲ್ಲಿತ್ತು. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಂದವನ ದಂಡ. ಜಕ್ಕಾಯ ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ಯಾರೂ ಕೇಳಿರಲಿಲ್ಲ. ಪ್ರೀತಿ ಮೊದಲು ಮನೆಗೆ ಬಂತು, ಕೈ ಆಮೇಲೆ ಸಡಿಲವಾಯಿತು.

ಇನ್ನು ವಿಶ್ವಾಸ. ದೇವರು ಇದ್ದಾನೆ, ಯೇಸು ದೇವರ ಮಗ ಅಂತ ಒಪ್ಪಿಕೊಂಡರೆ ವಿಶ್ವಾಸ ಆಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೈಬಲಿನಲ್ಲಿ ತನ್ನ ಪತ್ರವಿರುವ ಯಾಕೋಬ ಈ ಭ್ರಮೆಯನ್ನು ಒಂದೇ ಏಟಿಗೆ ಒಡೆದುಹಾಕುತ್ತಾನೆ. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅನ್ನುತ್ತಾನೆ. ಅಂದರೆ ತಿಳಿವಳಿಕೆ ಬೇರೆ, ವಿಶ್ವಾಸ ಬೇರೆ. ತಿಳಿದದ್ದರ ಮೇಲೆ ನನ್ನನ್ನು ನಾನು ಒಪ್ಪಿಸಿಕೊಂಡಾಗ ಅದು ವಿಶ್ವಾಸ ಆಗುತ್ತದೆ.

ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿಯನ್ನು ನೋಡಿ. ಅವನಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತನಾಗುವ ನೀರಿನ ಸಂಸ್ಕಾರ, ಆಗಲಿಲ್ಲ. ಒಂದು ಒಳ್ಳೆಯ ಕೆಲಸ ಮಾಡುವುದಕ್ಕೂ ಸಮಯ ಇರಲಿಲ್ಲ, ಕೈಕಾಲು ಆಡುವ ಸ್ಥಿತಿಯೇ ಇರಲಿಲ್ಲ. ಅವನು ಮಾಡಿದ್ದು ಎರಡೇ. ನಾವು ಮಾಡಿದ್ದಕ್ಕೆ ತಕ್ಕದ್ದನ್ನೇ ಅನುಭವಿಸುತ್ತಿದ್ದೇವೆ ಅಂತ ಜೊತೆಯವನಿಗೆ ಹೇಳಿದ. ನಿಮ್ಮ ರಾಜ್ಯಕ್ಕೆ ಬರುವಾಗ ನನ್ನನ್ನು ನೆನಪಿಸಿಕೊಳ್ಳಿ ಅಂತ ಯೇಸುವನ್ನು ಬೇಡಿಕೊಂಡ. ಮೊದಲನೆಯದು ಪಶ್ಚಾತ್ತಾಪ, ಎರಡನೆಯದು ವಿಶ್ವಾಸ. ರಾಜನ ಯಾವ ಲಕ್ಷಣವೂ ಇಲ್ಲದೆ ರಕ್ತ ಸುರಿಸುತ್ತಾ ಸಾಯುತ್ತಿದ್ದವರ ಹತ್ತಿರ ರಾಜ್ಯದ ಮಾತಾಡಬೇಕಾದರೆ ಎಂಥ ವಿಶ್ವಾಸ ಬೇಕು, ಯೋಚಿಸಿ. ಇವತ್ತೇ ಸ್ವರ್ಗದಲ್ಲಿ ನನ್ನ ಜೊತೆ ಇರುತ್ತೀಯ ಅಂತ ಯೇಸುವಿನಿಂದ ಅವನಿಗೆ ಮಾತು ಸಿಕ್ಕಿತು. ಆದರೆ ಶಿಲುಬೆಯಿಂದ ಕೆಳಗೆ ಇಳಿಸಲಿಲ್ಲ. ಕ್ಷಮೆ ಸಿಕ್ಕಿದ ಮಾತ್ರಕ್ಕೆ ಈ ಲೋಕದಲ್ಲಿ ಮಾಡಿದ್ದರ ಪರಿಣಾಮ ಎಲ್ಲಾ ಅಳಿಸಿಹೋಗುವುದಿಲ್ಲ. 'ಮಾಡಿದ್ದುಣ್ಣೋ' ಅನ್ನುವ ಮಾತಿನ ಅಷ್ಟು ಭಾಗವನ್ನು ಕ್ರೈಸ್ತರೂ ಒಪ್ಪುತ್ತಾರೆ. ಕಳ್ಳತನಕ್ಕೆ ಕ್ಷಮೆ ಸಿಕ್ಕಿದರೂ ಕೋರ್ಟಿನ ಶಿಕ್ಷೆ ತಪ್ಪುವುದಿಲ್ಲ, ತಪ್ಪಬೇಕು ಅಂತ ಕೇಳುವುದೂ ಸರಿಯಲ್ಲ.

ಇವೆರಡರಲ್ಲಿ ಯಾವುದು ಮೊದಲು? ಈ ಬಗ್ಗೆ ದೊಡ್ಡ ದೊಡ್ಡ ಪಂಡಿತರೇ ವಾದ ಮಾಡಿದ್ದಾರೆ. ಪಶ್ಚಾತ್ತಾಪ ಹುಟ್ಟುವುದೇ ವಿಶ್ವಾಸದಿಂದ ಅಂತ 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ವಾದಿಸಿದ. ಮೆಥಡಿಸ್ಟ್ ಪಂಥಕ್ಕೆ ಮೂಲನಾದ 18ನೇ ಶತಮಾನದ ಜಾನ್ ವೆಸ್ಲಿ ಇನ್ನೊಂದು ರೀತಿ ಹೇಳಿದ. ಪಶ್ಚಾತ್ತಾಪ ಧರ್ಮದ ಜಗಲಿ, ವಿಶ್ವಾಸ ಅದರ ಬಾಗಿಲು, ಪವಿತ್ರ ಬದುಕೇ ಒಳಮನೆ ಅನ್ನುವುದು ಅವನ ಮಾತಿನ ತಾತ್ಪರ್ಯ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗಲಿಯ ಮೇಲೆ ಕೂತು, ಕವಳ ಹಾಕಿ, ಮಾತಾಡಿ, ಒಳಗೆ ಕಾಲಿಡದೆ ಎದ್ದುಹೋಗುವವರು ಎಷ್ಟು ಜನ! ಹಾಗೇ ತಪ್ಪಿತಸ್ಥ ಭಾವನೆಯಲ್ಲೇ ಜೀವಮಾನವೆಲ್ಲಾ ಕೂತು, ಕ್ಷಮೆಯ ಬಾಗಿಲು ದಾಟದವರೂ ಇದ್ದಾರೆ. ಅಂಥವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ನನ್ನ ಮಟ್ಟಿಗೆ ಈ ವಾದವನ್ನು ಬಗೆಹರಿಸುವುದು ತಪ್ಪಿಹೋದ ಮಗನ ಕತೆ. ಆಸ್ತಿ ಪಾಲು ತಗೊಂಡು ದೂರದೇಶಕ್ಕೆ ಹೋಗಿ ಎಲ್ಲಾ ಹಾಳು ಮಾಡಿದ ಮಗ, ಹಂದಿ ಮೇಯಿಸುತ್ತಾ ಹಸಿದು ಕೂತಾಗ ಅವನಿಗೆ ಬುದ್ಧಿ ಬಂತು. ಅಪ್ಪನ ಮನೆಯ ಆಳುಗಳಿಗೂ ಹೊಟ್ಟೆತುಂಬಾ ಊಟ ಇದೆ ಅಂತ ನೆನಪಾಯಿತು. ಆ ನೆನಪೇ ವಿಶ್ವಾಸದ ಮೊಳಕೆ. ಅಪ್ಪನ ಬಗ್ಗೆ ಅಷ್ಟು ಭರವಸೆಯೂ ಇಲ್ಲದಿದ್ದರೆ ಅವನು ಅಲ್ಲಿಂದ ಏಳುತ್ತಲೇ ಇರಲಿಲ್ಲ. ದಾರಿಯಲ್ಲಿ ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡ. ಪಾಪ ಮಾಡಿದ್ದೇನೆ, ಮಗ ಅನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನಾಗಿ ಇಟ್ಟುಕೊಳ್ಳಿ. ಈ ಕೊನೇ ಮಾತನ್ನು ಗಮನಿಸಿ. ದುಡಿದು ತೀರಿಸುತ್ತೇನೆ ಅನ್ನುವ ಯೋಚನೆ ಅದರೊಳಗಿದೆ. ಆದರೆ ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಬಂದು ತಬ್ಬಿಕೊಂಡ. ಮಗ ಮಾತು ಶುರು ಮಾಡಿದ, ಪಾಪ ಒಪ್ಪಿಕೊಂಡ, ಯೋಗ್ಯನಲ್ಲ ಅಂದ. ಕೂಲಿಯ ಮಾತು ಬರಲೇ ಇಲ್ಲ. ಅಷ್ಟರಲ್ಲಿ ಅಪ್ಪ ಒಳ್ಳೆಯ ಬಟ್ಟೆ ತನ್ನಿ, ಬೆರಳಿಗೆ ಉಂಗುರ ಹಾಕಿ ಅಂತ ಆಳುಗಳಿಗೆ ಹೇಳುತ್ತಿದ್ದ.

ಅಪ್ಪನ ಮೇಲಿನ ಭರವಸೆ ಇಲ್ಲದೆ ಮಗ ತಿರುಗುವುದಿಲ್ಲ. ತಿರುಗದೆ ಮನೆ ಸೇರುವುದಿಲ್ಲ. ಹೀಗಿರುವಾಗ ಪಶ್ಚಾತ್ತಾಪ ಮೊದಲೋ ವಿಶ್ವಾಸ ಮೊದಲೋ ಅಂತ ಗೆರೆ ಎಳೆದು ಬೇರೆ ಮಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಸಭೆಗಳ, ಅಂದರೆ ಬೇರೆ ಬೇರೆ ಕ್ರೈಸ್ತ ಪಂಗಡಗಳ, ನಡುವೆ ವ್ಯತ್ಯಾಸ ಇರುವುದು ನಿಜ. ಶಿವಮೊಗ್ಗದಲ್ಲೇ ಅದನ್ನು ಕಾಣಬಹುದು. 1988ರಲ್ಲಿ ಇಲ್ಲಿ ಕಥೋಲಿಕ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಆಯಿತು. ಪವಿತ್ರ ಹೃದಯ ಪ್ರಧಾನಾಲಯ ಊರಿಗೆಲ್ಲಾ ಗೊತ್ತು. ವೆಸ್ಲಿಯ ಅನುಯಾಯಿಗಳ ಮಿಷನ್ ಹಳೇ ಮೈಸೂರು ಸಂಸ್ಥಾನದ ಕಾಲದಲ್ಲೇ ಈ ಕಡೆ ಕೆಲಸ ಮಾಡಿತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆ ಮೆಥಡಿಸ್ಟ್ ಪರಂಪರೆ ಅದರಲ್ಲಿ ಸೇರಿತು. ಪೆಂತೆಕೋಸ್ತ್ ಸಭೆಗಳೂ ಇವೆ. ಅವರಲ್ಲಿ ತಿಳಿವಳಿಕೆ ಬಂದ ಮೇಲೆ ಪಶ್ಚಾತ್ತಾಪಪಟ್ಟು, ನಂಬಿ, ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳುವುದಕ್ಕೆ ತುಂಬಾ ಮಹತ್ವ. ಕಥೋಲಿಕರಲ್ಲಿ ಮಗುವಿಗೇ ಜ್ಞಾನಸ್ನಾನ ಆಗುತ್ತದೆ, ದೊಡ್ಡವನಾದ ಮೇಲೆ ಬಿದ್ದರೆ ಏಳಲು ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಸಂಸ್ಕಾರ ಇದೆ. ಕೊಂಕಣಿ ಮನೆಗಳಲ್ಲಿ ಕುಮ್ಸಾರ್ ಅನ್ನುವುದು ಇದನ್ನೇ.

ಈಗ ಮೊದಲ ಪ್ರಶ್ನೆಗೆ ಬರಬಹುದು. ಫಾದರ್ ಹತ್ತಿರ ಹೇಳಿಬಿಟ್ಟರೆ ಮುಗಿಯುತ್ತದೆಯೇ? ಇಲ್ಲ. ಕಥೋಲಿಕ ಬೋಧನೆಯ ಪ್ರಕಾರ ಹೇಳುವುದು ಒಂದು ಭಾಗ ಮಾತ್ರ. ಮಾಡಿದ್ದಕ್ಕೆ ಮನಸ್ಸಿನಲ್ಲಿ ನೋವಿರಬೇಕು, ಇನ್ನು ಮಾಡುವುದಿಲ್ಲ ಅನ್ನುವ ನಿರ್ಧಾರ ಇರಬೇಕು, ಗುರುಗಳು ಕೊಡುವ ಪ್ರಾಯಶ್ಚಿತ್ತ ಮಾಡಬೇಕು. ಕದ್ದದ್ದನ್ನು ಸಾಧ್ಯವಿದ್ದಷ್ಟೂ ಹಿಂದಿರುಗಿಸಬೇಕು, ಇನ್ನೊಬ್ಬರ ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು. ನಾಳೆ ಮತ್ತೆ ಅದನ್ನೇ ಮಾಡುತ್ತೇನೆ ಅಂತ ಮನಸ್ಸಿನಲ್ಲಿಟ್ಟುಕೊಂಡು ಪಾಪ ಹೇಳಿದವನಿಗೆ, ಗುರುಗಳು ಉಚ್ಚರಿಸಿದ ಕ್ಷಮೆಯ ಮಾತು ಫಲಿಸುವುದಿಲ್ಲ. ತೋಟದ ಯಜಮಾನರು ಗಡಿಕಲ್ಲಿನ ವಿಷಯ ಹೇಳಿಕೊಂಡರೆ, ಮೊದಲು ಕಲ್ಲು ಸರಿಮಾಡಿ ಅಂತಲೇ ಒಳ್ಳೆಯ ಗುರುಗಳು ಹೇಳುತ್ತಾರೆ. ಪಕ್ಕದ ತೋಟದವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ ಸೇರಬೇಕು.

ಈ ವಿಷಯದಲ್ಲಿ ಸಭೆ ಒಂದು ಕಾಲದಲ್ಲಿ ಎಡವಿದ್ದೂ ಹೌದು. ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ಪತ್ರಗಳನ್ನು ದುಡ್ಡಿಗೆ ಹಂಚಿದಾಗ ಜರ್ಮನಿಯ ಮಾರ್ಟಿನ್ ಲೂಥರ್ ಸಿಡಿದೆದ್ದ. 1517ರಲ್ಲಿ ಅವನು ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದೇ ಪಶ್ಚಾತ್ತಾಪದ ಬಗ್ಗೆ. ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪ ಆಗಿರಬೇಕು ಅಂತ ಕ್ರಿಸ್ತನ ಬಯಕೆ ಅನ್ನುವುದು ಅದರ ಸಾರ. ಮನುಷ್ಯ ದೇವರ ಮುಂದೆ ನೀತಿವಂತ ಅನಿಸಿಕೊಳ್ಳುವುದು ವಿಶ್ವಾಸ ಒಂದರಿಂದಲೇ ಅಂತ ಲೂಥರ್ ಬೋಧಿಸಿದ. ಕಥೋಲಿಕ ಸಭೆ ತನ್ನ ಬಿಷಪರು ಸೇರಿದ್ದ ಟ್ರೆಂಟ್ ಮಹಾಸಭೆಯಲ್ಲಿ, 1547ರಲ್ಲಿ, ವಿಶ್ವಾಸವೇ ರಕ್ಷಣೆಯ ಆರಂಭ ಮತ್ತು ಬೇರು, ಆದರೆ ಅದರ ಜೊತೆ ಪ್ರೀತಿಯೂ ಇರಬೇಕು ಅಂದಿತು. ನೂರಾರು ವರ್ಷದ ಜಗಳದ ನಂತರ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಹೊರಡಿಸುತ್ತದೆ ಅಂತ ಇಬ್ಬರೂ ಒಪ್ಪಿದರು. ಮೆಥಡಿಸ್ಟರು 2006ರಲ್ಲಿ ಇದಕ್ಕೆ ಸಹಮತ ಕೊಟ್ಟರು. ಎಲ್ಲಾ ಭಿನ್ನಾಭಿಪ್ರಾಯ ಮುಗಿದಿಲ್ಲ. ಆದರೂ ನಮ್ಮ ಊರುಗಳಲ್ಲಿ ಇವತ್ತಿಗೂ ನಡೆಯುವ 'ನಿಮ್ಮದು ಕ್ರಿಯೆ, ನಮ್ಮದು ನಂಬಿಕೆ' ಅನ್ನುವ ವಾದ ಆ ಹೇಳಿಕೆಯ ಮುಂದೆ ನಿಲ್ಲುವುದಿಲ್ಲ.

ಪೌಲ ಮತ್ತು ಯಾಕೋಬರನ್ನು ಎದುರುಬದುರು ನಿಲ್ಲಿಸುವವರಿಗೂ ಇದೇ ಉತ್ತರ. ಕೃಪೆಯಿಂದ, ವಿಶ್ವಾಸದ ಮೂಲಕ ರಕ್ಷಣೆ ಹೊಂದಿದ್ದೀರಿ, ಅದು ನಿಮ್ಮ ಕ್ರಿಯೆಯ ಫಲ ಅಲ್ಲ ಅಂತ ಪೌಲ ಎಫೆಸದವರಿಗೆ ಬರೆದ. ಅದರ ಮುಂದಿನ ಸಾಲಿನಲ್ಲೇ, ಒಳ್ಳೆಯ ಕೆಲಸ ಮಾಡುವುದಕ್ಕಾಗಿಯೇ ದೇವರು ನಮ್ಮನ್ನು ಸೃಷ್ಟಿಸಿದ್ದಾರೆ ಅಂದ. ಆ ಸಾಲನ್ನು ಓದದೆ ನಿಲ್ಲಿಸುವುದು ಸರಿಯಲ್ಲ. ಕ್ರಿಯೆ ಇಲ್ಲದ ವಿಶ್ವಾಸ ಸತ್ತದ್ದು ಅನ್ನುವ ಯಾಕೋಬನ ಮಾತಿಗೂ ಇದಕ್ಕೂ ಜಗಳ ಇಲ್ಲ.

ಒಂದು ವಿಷಯ ಉಳಿದಿದೆ, ಅದು ಮನಸ್ಸು ಮೆತ್ತಗಿರುವವರಿಗೆ. ನನಗೆ ಅಳು ಬರುವುದಿಲ್ಲ, ನರಕದ ಭಯದಿಂದ ಮಾತ್ರ ಕ್ಷಮೆ ಕೇಳುತ್ತಿದ್ದೇನೆ, ಇದು ಪಶ್ಚಾತ್ತಾಪ ಹೌದಾ ಅಂತ ಕೊರಗುವವರಿದ್ದಾರೆ. ಮತ್ತೆ ಮತ್ತೆ ಅದೇ ತಪ್ಪಿನಲ್ಲಿ ಬಿದ್ದು, ಇನ್ನು ಯಾವ ಮುಖ ಹೊತ್ತು ಹೋಗಲಿ ಅನ್ನುವವರೂ ಇದ್ದಾರೆ. ಕಣ್ಣೀರಿನ ಅಳತೆಯನ್ನು ಬೈಬಲ್ ಎಲ್ಲೂ ಕೇಳಿಲ್ಲ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪವೇ ಪರಿಪೂರ್ಣ. ಆದರೆ ಭಯದಿಂದ ಶುರುವಾದ ಅಪೂರ್ಣ ಪಶ್ಚಾತ್ತಾಪವೂ ದೇವರ ವರವೇ, ಅಂಥವನನ್ನು ಅದು ಪಾಪನಿವೇದನೆಯ ಸಂಸ್ಕಾರದಲ್ಲಿ ಕ್ಷಮೆಗೆ ಸಿದ್ಧ ಮಾಡುತ್ತದೆ ಅಂತ ಟ್ರೆಂಟ್ ಮಹಾಸಭೆ ಕಲಿಸಿತು. ಮತ್ತೆ ಮತ್ತೆ ಬೀಳುವವರ ವಿಷಯಕ್ಕೆ ಬಂದರೆ, ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಕೇಳಿದ ಪೇತ್ರನಿಗೆ ಯೇಸು ಎಪ್ಪತ್ತು ಏಳು ಸಲ ಅಂದರು. ಮನುಷ್ಯನಿಗೇ ಇಷ್ಟು ಹೇಳಿದವರು ತಾವು ಅದಕ್ಕಿಂತ ಕಡಿಮೆ ಕ್ಷಮಿಸುತ್ತಾರೆಯೇ?

ವಿಶ್ವಾಸ ಸಾಲದು ಅನಿಸಿದರೂ ಹೆದರಬೇಕಾಗಿಲ್ಲ. ಮಾರ್ಕನ ಒಂಬತ್ತನೇ ಅಧ್ಯಾಯದಲ್ಲಿ, ರೋಗಿ ಮಗನನ್ನು ಯೇಸುವಿನ ಹತ್ತಿರ ಕರೆತಂದ ಒಬ್ಬ ಅಪ್ಪ ಇದ್ದಾನೆ. ನಂಬುವವನಿಗೆ ಎಲ್ಲಾ ಸಾಧ್ಯ ಅಂತ ಯೇಸು ಹೇಳಿದಾಗ ಅವನು, ನಂಬುತ್ತೇನೆ ಸ್ವಾಮಿ, ನನ್ನ ಅಪನಂಬಿಕೆಯನ್ನು ನೀವೇ ಸರಿಮಾಡಿ ಅಂತ ಕೂಗಿಕೊಂಡ. ಅಷ್ಟಕ್ಕೇ ಯೇಸು ಅವನ ಮಗನನ್ನು ಗುಣಪಡಿಸಿದರು.